ಹುಡುಗಿಯರನ್ನು ಎಣಿಸಿದ ಮೇಷ್ಟ್ರು

ಮೇಷ್ಟ್ರು ತೀರಿಕೊಂಡ ಮೇಲೆ ಅವರ ಹತ್ತಿರ ಓದಿದ ಹುಡುಗರೆಲ್ಲ ಸೇರಿ ಒಂದು ನೆನಪಿನ ಪುಸ್ತಕ ತರುತ್ತಾರಂತೆ. ನನ್ನ ಹತ್ತಿರವೂ ಬಂದರು. "ಅಜ್ಜಿ, ನಿಮ್ಮ ಟೀ ಅಂಗಡೀಲೇ ಅಲ್ವಾ ಅವ್ರು ಕೂರ್ತಾ ಇದ್ದದ್ದು, ನಾಕು ಒಳ್ಳೆ ಮಾತು ಬರ್ಕೊಡಿ" ಅಂದರು. ಒಳ್ಳೆಯದು ಎಷ್ಟಿದೆಯೋ ಅಷ್ಟು ಬರೆಯುತ್ತೇನೆ, ಮಿಕ್ಕಿದ್ದನ್ನೂ ಬರೆಯುತ್ತೇನೆ, ಬೇಡವಾದರೆ ಹಾಕಬೇಡಿ ಅಂದೆ. ಸತ್ತವರ ಮೇಲೆ ಕೆಟ್ಟದ್ದು ಆಡಬಾರದಂತೆ. ನಾನು ಅವರು ಬದುಕಿದ್ದಾಗ ಎದುರಿಗೇ ಆಡಿದ್ದೇನೆ, ಈಗ ಹೊಸದೇನೂ ಆಡುತ್ತಿಲ್ಲ. ಹೆಸರು ಮಾತ್ರ ಬರೆಯುವುದಿಲ್ಲ. ಅವರ ಮನೆಯಲ್ಲಿ ಹೆಂಗಸರಿದ್ದಾರೆ, ಅವರದೇನೂ ತಪ್ಪಿಲ್ಲ. ನನಗೆ ಅಕ್ಷರ ಬಂದದ್ದು ತಲೆ ನರೆತ ಮೇಲೆ, ದೊಡ್ಡವರ ಶಾಲೆಯಲ್ಲಿ. ಕಾಗುಣಿತ ತಪ್ಪಿದ್ದರೆ ತಿದ್ದಿಕೊಳ್ಳಿ, ಮಾತು ತಿದ್ದಬೇಡಿ.

ನಮ್ಮೂರು ನಂಜನಗೂಡಿನಿಂದ ಹುಲ್ಲಹಳ್ಳಿಗೆ ಹೋಗುವ ದಾರಿಯಲ್ಲಿದೆ. ಬಸ್ಸು ನಿಲ್ಲುವ ಕಡೆ ನನ್ನ ಅಂಗಡಿ. ಮೇಷ್ಟ್ರ ಮನೆ ನರಸೀಪುರದಲ್ಲಿ. ದಿನಾ ಅಲ್ಲಿಂದ ನಂಜನಗೂಡಿಗೊಂದು ಬಸ್ಸು, ನಂಜನಗೂಡಿನಿಂದ ನಮ್ಮೂರಿಗೆ ಇನ್ನೊಂದು. ಇಳಿದವರೇ ನನ್ನ ಬೆಂಚಿನ ಮೇಲೆ ಕೂತು, ಛತ್ರಿಯನ್ನು ಅಂಗಿಯ ಕಾಲರಿಗೆ ಹಿಂದಿನಿಂದ ಸಿಕ್ಕಿಸಿಕೊಂಡೇ ಟೀ ಕುಡಿಯುತ್ತಿದ್ದರು. ಲೋಟವನ್ನು ಅವರ ಕಣ್ಣೆದುರಿಗೇ ತೊಳೆದು ಕೊಟ್ಟರೂ ಪಂಚೆಯ ಅಂಚಿನಿಂದ ಅದರ ಬಾಯಿ ಒರೆಸಿಯೇ ಕುಡಿಯಬೇಕು. ಆ ಪಂಚೆ ಎರಡು ಬಸ್ಸಿನ ಸೀಟು ಒರೆಸಿಕೊಂಡು ಬಂದಿರುತ್ತಿತ್ತು. ಅದು ಅವರಿಗೆ ಹೊಳೆಯುತ್ತಿರಲಿಲ್ಲ.

ಮಗ್ಗಿ ಹೇಳಿಕೊಡುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ, ಮಗುವಿನ ಬೆರಳು ಹಿಡಿದುಕೊಂಡು ಒಂದೊಂದೇ ಮಡಿಸಿ ಹೇಳಿಸುತ್ತಿದ್ದರು. ನಮ್ಮೂರ ಹುಡುಗರು ಇವತ್ತು ಹಾಲಿನ ಡೈರಿಯಲ್ಲಿ, ಕಬ್ಬಿನ ತೂಕದಲ್ಲಿ ಮೋಸ ಹೋಗುವುದಿಲ್ಲವಾದರೆ ಅದು ಆ ಮನುಷ್ಯನ ಪುಣ್ಯ. ಲಂಚ ಮುಟ್ಟಿದವರಲ್ಲ, ಟೀ ಕಾಸನ್ನು ಒಂದು ದಿನ ಉಳಿಸಿಕೊಂಡವರಲ್ಲ. ಒಳ್ಳೆಯದು ಇಲ್ಲಿಗೆ ಮುಗಿಯಿತು.

ಸರ್ಕಾರದವರಿಗೆ ಏನು ಎಣಿಸಬೇಕಾದರೂ ಶಾಲೆ ಮೇಷ್ಟ್ರುಗಳೇ ಬೇಕು. ಜನ ಎಣಿಸು, ದನ ಎಣಿಸು, ವೋಟು ಎಣಿಸು, ಕಕ್ಕಸು ಎಣಿಸು. ಬೇರೆ ಮೇಷ್ಟ್ರುಗಳು ಈ ಕೆಲಸಕ್ಕೆ ಶಾಪ ಹಾಕುತ್ತಿದ್ದರು. ನಮ್ಮ ಮೇಷ್ಟ್ರಿಗೆ ಹಬ್ಬ. ಎಣಿಕೆಗೆ ಹಾಕಿದ ದಿನ ಹೊಸ ಪೆನ್ನು, ಇಸ್ತ್ರಿ ಅಂಗಿ. ಪೆನ್ನಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮಾತಾಡುತ್ತಿದ್ದರಿಂದ ಅವರು ಕೇಳಿದ್ದು ಅರ್ಧ ಜನಕ್ಕೆ ತಿಳಿಯುತ್ತಿರಲಿಲ್ಲ, ತಿಳಿಯದವರು ಹೂಂ ಅನ್ನುತ್ತಿದ್ದರು, ಹೂಂ ಅಂದದ್ದನ್ನು ಅವರು ಬರೆದುಕೊಳ್ಳುತ್ತಿದ್ದರು.

ಒಂದು ಸಲ ದನ ಎಣಿಸಲು ಬಂದರು. ನಮ್ಮ ಕೊಟ್ಟಿಗೆಯಲ್ಲಿ ಒಂದು ಮುದಿ ಹಸು ಇತ್ತು.

"ಇದು ಹಾಲಿಗೋ, ಗೇಯೋದಕ್ಕೋ?"

"ಯಾವುದಕ್ಕೂ ಇಲ್ಲ ಮೇಷ್ಟ್ರೇ. ಮುದಿಯಾಗದೆ. ಇರೋಗಂಟ ಇರ್ಲಿ ಅಂತ ಮೇವಾಕ್ತೀವಿ."

"ಹಾಗನ್ನೋದಕ್ಕೆ ಕಾಲಂ ಇಲ್ವಲ್ಲಮ್ಮ. ಹಾಲಿಗೆ ಅಂತ ಹಾಕ್ತೀನಿ."

"ಹಾಕ್ಕೊಳಿ. ನಾಳೆ ಬೆಳಿಗ್ಗೆ ಚೊಂಬು ತಕ್ಕೊಂಡು ನೀವೇ ಬಂದು ಹಾಲು ಕರ್ಕೊಂಡು ಓಗಿ."

ಕೋಪ ಬರಲಿಲ್ಲ. ಅವರಿಗೆ ಕೋಪವೇ ಬರುತ್ತಿರಲಿಲ್ಲ. ನಕ್ಕು, "ಕಾಲಂನಲ್ಲಿ ಇಲ್ದೇ ಇದ್ದದ್ದು ಲೋಕದಲ್ಲೂ ಇಲ್ಲ ಕಣಮ್ಮ" ಅಂದರು. ಈ ಮಾತನ್ನು ಅವರು ಎಲ್ಲೋ ಕೇಳಿದ್ದಲ್ಲ, ತಾವೇ ಕಟ್ಟಿದ್ದು. ದೊಡ್ಡ ಮಾತು ಅಂದುಕೊಂಡಿದ್ದರು. ಹಸುವಿನ ಮಟ್ಟಿಗೆ ಆಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಹುಡುಗಿಯರನ್ನು ಎಣಿಸುವ ಕೆಲಸ ಬಂತು. ವಯಸ್ಸಿಗೆ ಬಂದ ಹೆಣ್ಣುಮಕ್ಕಳಲ್ಲಿ ಕೆಲಸ ಬೇಕು ಅನ್ನುವವರು ಎಷ್ಟು, ಕೆಲಸ ಇಲ್ಲದೆ ಇರುವವರು ಎಷ್ಟು ಅಂತ ಮನೆಮನೆಗೆ ಹೋಗಿ ಕೇಳಿ ಬರೆಯಬೇಕು. ಅಂಥವರು ಹೆಚ್ಚಿಗೆ ಇರುವ ಕಡೆ ಹೊಲಿಗೆ ಮೆಷೀನಿನ ತರಬೇತಿ ತೆರೆಯುತ್ತಾರೆ, ಕಲಿತವರನ್ನು ನಂಜನಗೂಡಿನ ಕಾರ್ಖಾನೆಯವರು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ, ಬೆಳಿಗ್ಗೆ ವ್ಯಾನೂ ಬರುತ್ತದೆ. ಇದನ್ನು ನನ್ನ ಬೆಂಚಿನ ಮೇಲೆ ಕೂತು ಮೇಷ್ಟ್ರೇ ಎಲ್ಲರಿಗೂ ಹೇಳಿದರು.

ಆಗ ನನ್ನ ತಮ್ಮನ ಮಗಳು ನಾಗಮಣಿ ಎಸ್ಸೆಸ್ಸೆಲ್ಸಿ ಪಾಸು ಮಾಡಿ ಮನೆಯಲ್ಲಿದ್ದಳು. ಅವಳ ಸೋದರಮಾವ, ಅಂದರೆ ತಮ್ಮನ ಹೆಂಡತಿಯ ತಮ್ಮ, ಸೋಸಲೆ ಕಡೆಯವನು. ಅವನ ಹೆಂಡತಿ ಸತ್ತು ಒಂದು ಕೈಕೂಸು ಉಳಿದಿತ್ತು. ಮಗು ನೋಡಿಕೊಳ್ಳುವುದಕ್ಕೆ ಮನೆಯ ಹೆಣ್ಣೇ ಆಗಲಿ ಅಂತ ನಾಗಮಣಿಯನ್ನು ಕೇಳಿದ್ದರು. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಒಲ್ಲೆ ಅನ್ನುವುದು ಸುಲಭವಾಗಿತ್ತು. ವಯಸ್ಸು ಮಾತ್ರ ಅವಳ ಅಪ್ಪನಿಗೆ ಹತ್ತಿರ.

ನಾಗಮಣಿ ಅಳುವ ಜಾತಿಯಲ್ಲ. ಅಂಗಡಿಗೆ ಬಂದು ನನ್ನನ್ನು ಎಬ್ಬಿಸಿಕೊಂಡು ಹೋಗಿ ಅವಳ ಅಪ್ಪನ ಮುಂದೆ ಕೂರಿಸಿದಳು.

"ಅತ್ತೆ, ಕೇಳು ಇವ್ರನ್ನ. ತರಬೇತಿ ಬಂದ್ರೆ ನನ್ನ ಕಳಿಸ್ತಾರಾ ಇಲ್ವಾ?"

ತಮ್ಮ ತಲೆ ಕೆರೆದುಕೊಂಡ. "ನೋಡಕ್ಕ, ತರಬೇತಿ ಇಲ್ಲಿಗೇ ಬಂದ್ರೆ ಕಲೀಲಿ, ಕೆಲ್ಸಕ್ಕೂ ಓಗ್ಲಿ. ಮದ್ವೆ ಮಾತು ಬುಟ್ಬುಡ್ತೀನಿ. ಬರ್ನಿಲ್ಲ ಅಂದ್ರೆ ಸುಗ್ಗಿ ಕಳೆದ್ಮೇಲೆ ಮದ್ವೆ. ನಂಜುಂಡಪ್ಪನ ಆಣೆಗೂ ಇದೇ ಮಾತು."

ತಂದೆ ಅಷ್ಟು ಹೇಳುವುದೇ ನಮ್ಮ ಕಡೆ ದೊಡ್ಡದು. ಅವಳ ಬದುಕು ಯಾವ ಕಡೆಗೆ ವಾಲಬೇಕು ಅನ್ನುವುದು ಮೇಷ್ಟ್ರು ಊರಿನಲ್ಲಿ ಎಷ್ಟು ಹುಡುಗಿಯರನ್ನು ಬರೆಯುತ್ತಾರೆ ಅನ್ನುವುದರ ಮೇಲೆ ನಿಂತಿತು.

ಮೇಷ್ಟ್ರು ಎಣಿಸಲು ಬಂದದ್ದು ನಾಟಿ ಕಾಲದಲ್ಲಿ. ನಾಲೆಗೆ ನೀರು ಬಿಟ್ಟಿದ್ದರು. ನಾಟಿ ಕಾಲದಲ್ಲಿ ನಮ್ಮೂರ ನಾಯಿಗೂ ಪುರುಸೊತ್ತಿರುವುದಿಲ್ಲ. ಈ ಕಡೆ ಮುಯ್ಯಾಳು ಅನ್ನುವ ಪದ್ಧತಿ ಇದೆ: ಇವತ್ತು ನಿಮ್ಮ ಗದ್ದೆಗೆ ನಮ್ಮ ಹುಡುಗಿ, ನಾಳೆ ನಮ್ಮ ಗದ್ದೆಗೆ ನಿಮ್ಮ ಹುಡುಗಿ. ಕೂಲಿ ಇಲ್ಲ, ಒಂದು ಹೊತ್ತಿನ ಊಟ. ಮೇಷ್ಟ್ರ ಪುಸ್ತಕದಲ್ಲಿ ಮೊದಲ ಪ್ರಶ್ನೆ, ಹೋದ ವಾರ ಹುಡುಗಿ ಏನಾದರೂ ಕೆಲಸ ಮಾಡಿದಳಾ ಅಂತ. ಮಾಡಿದ್ದಾಳೆ, ಗದ್ದೆಗೆ ಹೋಗಿದ್ದಳು ಅಂದರು ಮನೆಯವರು. ಸರಿ, ಕೆಲಸ ಇದೆ ಅಂತ ಬಿತ್ತು. ನಾಟಿ ಮುಗಿದ ಮೇಲೆ ಮುಂದಿನ ನಾಟಿಯವರೆಗೆ ಆ ಹುಡುಗಿ ಏನು ಮಾಡುತ್ತಾಳೆ ಅನ್ನುವುದು ಪುಸ್ತಕಕ್ಕೆ ಬೇಕಿರಲಿಲ್ಲ.

ಇನ್ನು ಹುಡುಗಿಯರನ್ನು ಗದ್ದೆಗಿಳಿಸದ ಮನೆಗಳು ಕೆಲವು ಇದ್ದವು. ಮಠಕ್ಕೆ ನಡೆದುಕೊಳ್ಳುವವರು, ಎರಡು ಜೊತೆ ಎತ್ತು ಕಟ್ಟಿದವರು. ಅವರ ಜಗಲಿಯ ಮೇಲೆ ಮೇಷ್ಟ್ರು ಕೂತರೆ ಹಾಲು ಬರುತ್ತಿತ್ತು. "ಮಗಳು ಕೆಲಸ ಹುಡುಕ್ತಾ ಇದಾಳಾ?" ಅಂತ ಕೇಳಿದರೆ ಯಜಮಾನನ ಮುಖ ಕಪ್ಪಾಗುತ್ತಿತ್ತು. "ಏನ್ ಮೇಷ್ಟ್ರೇ, ನಮ್ಮನೇಲಿ ಅನ್ನಕ್ಕೆ ತತ್ವಾರ ಬಂದದಾ? ಮಗ್ಳು ಮನೇಲವ್ಳೆ" ಅನ್ನುತ್ತಿದ್ದರು. ಮನೇಲವ್ಳೆ ಅಂದರೆ ನಮ್ಮ ಕಡೆ ಗಂಡು ನೋಡುತ್ತಿದ್ದೇವೆ ಅಂತ ಅರ್ಥ. ಮೇಷ್ಟ್ರ ಪುಸ್ತಕದಲ್ಲಿ ಅದಕ್ಕೆ ಅರ್ಥ, ಈ ಹುಡುಗಿಗೆ ಕೆಲಸ ಬೇಕಿಲ್ಲ ಅಂತ. ಒಳಗೆ ಬಾಗಿಲ ಸಂದಿಯಲ್ಲಿ ನಿಂತು ಆ ಹುಡುಗಿ ಹಲ್ಲು ಕಡಿಯುತ್ತಿದ್ದುದು ಎರಡೂ ಅರ್ಥಕ್ಕೆ ಸೇರಲಿಲ್ಲ.

ಕೇರಿಯಲ್ಲಿ ಒಂದು ಮನೆ ಇತ್ತು, ಗೋಡೆಯ ಮೇಲೆ ಬುದ್ಧನ ಫೋಟೋ ಹಾಕಿದ ಮನೆ. ಆ ಮನೆಯ ತಾಯಿ ನನ್ನ ಜೊತೆಯೇ ಅಕ್ಷರ ಕಲಿತವಳು. ಅವಳಿಗೆ ಮುಚ್ಚುಮರೆ ಇಲ್ಲ. ಬೀದಿಗೇ ಬಂದು, "ಸಾ, ನನ್ ಮಗ್ಳು ಪಾಸ್ ಮಾಡವ್ಳೆ. ಕೆಲ್ಸ ಇಲ್ಲ. ಕೊಟ್ರೆ ನಾಳಿಂದ್ಲೇ ಓಯ್ತಾಳೆ. ಚೆನ್ನಾಗಿ ಬರ್ಕೊಳಿ" ಅಂದಳು. ಮೇಷ್ಟ್ರು, "ಕೂಲಿಗೆ ಹೋಗ್ತಾಳಾ?" ಅಂದರು. "ಸಿಕ್ದಾಗ ಓಯ್ತಾಳೆ, ಒಟ್ಟೆ ಕೇಳ್ಬೇಕಲ್ಲ ಸಾ." ಕೂಲಿ ಅಂತ ಬರೆದರು, ಕೆಲಸ ಇದೆ ಅಂತ ಮಾಡಿದರು, ಮುಂದಿನ ಮನೆಗೆ ನಡೆದರು. ಕೆಲಸ ಬೇಕು ಅನ್ನುವವರ ಲೆಕ್ಕದಲ್ಲಿ ಮುಚ್ಚಿಟ್ಟವರ ಮಗಳೂ ಇಲ್ಲ, ಬಿಚ್ಚಿ ಹೇಳಿದವರ ಮಗಳೂ ಇಲ್ಲ. ಒಂದು ವಿಷಯದಲ್ಲಿ ಮಾತ್ರ ಮೇಷ್ಟ್ರು ಊರಿನವರನ್ನೆಲ್ಲ ಸಮನಾಗಿ ಕಂಡರು ಅನ್ನಬೇಕು.

ತಮ್ಮನ ಮನೆಗೆ ಬಂದಾಗ ನಾನೂ ಇದ್ದೆ. ನಮ್ಮ ಕರ್ಮಕ್ಕೆ ಅವತ್ತೇ ಆ ಸೋದರಮಾವನೂ ಬಂದು ಜಗಲಿಯಲ್ಲಿ ಕೂತಿದ್ದ, ತೊಡೆಯ ಮೇಲೆ ಕೂಸು. ಮೇಷ್ಟ್ರು ಪೆನ್ನಿನ ಮುಚ್ಚಳ ಕಚ್ಚಿಕೊಂಡು, "ಮಗಳು ಕೆಲಸ ಹುಡುಕ್ತಾ ಇದಾಳಾ?" ಅಂದರು. ತಮ್ಮ ಒಮ್ಮೆ ಬಾಮೈದನ ಮುಖ ನೋಡಿದ. ಹೆಣ್ಣು ಕೇಳಿಕೊಂಡು ಬಂದವನ ಎದುರಿಗೆ, ಅದೂ ಹೆಂಡತಿಯ ತಮ್ಮನ ಎದುರಿಗೆ, ನನ್ನ ಮಗಳು ಕಾರ್ಖಾನೆ ಕೆಲಸಕ್ಕೆ ಅಲೆಯುತ್ತಿದ್ದಾಳೆ ಅಂತ ಯಾವ ಗಂಡಸು ಹೇಳುತ್ತಾನೆ?

"ಮನೇಲವ್ಳೆ ಬರ್ಕೊಳಿ" ಅಂದ.

ಬಾಗಿಲ ಹಿಂದಿನಿಂದ ನಾಗಮಣಿ ಜಗಲಿಗೇ ಬಂದಳು. ಕೈಯಲ್ಲಿ ಇನ್ನೂ ಗದ್ದೆಯ ಕೆಸರು. "ಇಲ್ಲ ಸಾ. ನಾನ್ ಉಡುಕ್ತಾ ಇವ್ನಿ. ನಂಗೆ ಕೆಲ್ಸ ಬೇಕು. ಅಂಗೇ ಬರ್ಕೊಳಿ."

ಸೋದರಮಾವ ಕೂಸಿನ ಕಾಲು ನೋಡತೊಡಗಿದ. ಮೇಷ್ಟ್ರು ಹುಡುಗಿಯ ಕಡೆ ತಿರುಗಲೇ ಇಲ್ಲ. ತಮ್ಮನ ಕಡೆಗೇ ನೋಡಿ, "ಏನು ಬರೀಲಿ ಯಜಮಾನ್ರೇ?" ಅಂದರು.

"ಯೋಳಿದ್ನಲ್ಲ" ಅಂದ ತಮ್ಮ.

"ಕೇಳ್ತಿರೋದು ಅವಳ್ನೋ ಅವ್ರಪ್ಪನ್ನೋ?" ಅಂದೆ ನಾನು. "ಗೇಯೋಳು ಅವ್ಳು, ಬಾಯಿರೋದೂ ಅವ್ಳಿಗೆ."

"ಮನೆ ಅಂದ್ರೆ ಯಜಮಾನ್ರು ಕಣಮ್ಮ. ಅವರು ಹೇಳಿದ್ದೇ ಬರೆಯೋದು." ಆಮೇಲೆ ಅವಳ ಕೈ ನೋಡಿ, "ಅಲ್ಲದೆ ನಾಟಿಗೆ ಹೋಗಿದ್ದಾಳಲ್ಲ? ಹಾಗಾದರೆ ಕೆಲಸ ಇದ್ದೇ ಇದೆ" ಅಂದರು. ಒಳ್ಳೆಯ ಸುದ್ದಿ ಹೇಳಿದ ಹಾಗೆ ಹೇಳಿದರು. ಬರೆದು, ಪೆನ್ನನ್ನು ತಲೆಗೂದಲಿಗೆ ಒರೆಸಿ ಮುಚ್ಚಳ ಹಾಕಿದರು.

ಒಂದು ವಾರ ತಮ್ಮನ ಜೊತೆ ನಾನು ಮಾತಾಡಲಿಲ್ಲ. ಆಮೇಲೆ ಅವನೇ ಅಂಗಡಿಗೆ ಬಂದು, "ಓಗಕ್ಕ, ಮೇಷ್ಟ್ರಿಗೆ ನೀನೇ ಒಂದು ಮಾತು ಯೋಳು. ನಾನ್ ಬತ್ತೀನಿ ಅಂದ್ರೆ ಬಾಮೈದಂಗೆ ಗೊತ್ತಾಯ್ತದೆ" ಅಂದ. ಮಗಳ ಪರವಾಗಿ ಗುಟ್ಟಾಗಿ ಮಾತಾಡುವಷ್ಟು ಧೈರ್ಯ ಅವನಿಗಿತ್ತು. ಗಂಡಸರಿಗೆ ಧೈರ್ಯ ಇಲ್ಲ ಅನ್ನಬಾರದು.

ನಾಗಮಣಿಯನ್ನು ಕರೆದುಕೊಂಡು ಭಾನುವಾರ ನರಸೀಪುರಕ್ಕೆ ಹೋದೆ. ಹೊಳೆಗೆ ಹೋಗುವ ಬೀದಿಯಲ್ಲಿ ಮೇಷ್ಟ್ರ ಮನೆ. ಚೊಕ್ಕಟವಾದ ಮನೆ. ಹಜಾರದಲ್ಲಿ ಅವರ ಮಗಳು ಚಾಪೆ ಹಾಸಿಕೊಂಡು ಪೇಪರು ಓದುತ್ತಿದ್ದಳು, ಕೆಲಸ ಖಾಲಿ ಇದೆ ಅಂತ ಹಾಕುವ ಪುಟ. ನಮ್ಮನ್ನು ಕಂಡು ಪೇಪರನ್ನು ಚಾಪೆಯ ಕೆಳಗೆ ತಳ್ಳಿದಳು. ಬಿ.ಎ. ಮಾಡಿದ್ದಾಳೆ, ಟೈಪಿಂಗೂ ಆಗಿದೆ ಅಂತ ಅವಳ ತಾಯಿ ಹೇಳಿದರು.

"ಈಗೇನ್ ಮಾಡ್ತಾವ್ಳೆ?" ಅಂದೆ.

ಮೇಷ್ಟ್ರು ಒಳಗಿನಿಂದ ಬರುತ್ತಲೇ, "ಮನೇಲೇ ಇದಾಳೆ. ಗಂಡು ನೋಡ್ತಾ ಇದೀವಿ" ಅಂದರು.

ನಾಗಮಣಿ ಆ ಹುಡುಗಿಯ ಹತ್ತಿರ ಹೋಗಿ ಕೂತು ಕೇಳಿಯೇಬಿಟ್ಟಳು. "ಅಕ್ಕ, ನಿಮ್ಮನ್ನ ಏನಂತ ಬರ್ಕೊಂಡವ್ರೆ?"

"ಯಾರಿಗೆ ಗೊತ್ತು? ನಮ್ಮ ಬೀದಿಗೆ ಬೇರೆ ಮೇಷ್ಟ್ರು ಬಂದಿದ್ದರು. ಅವರೂ ಅಪ್ಪನ್ನೇ ಕೇಳ್ಕೊಂಡು ಹೋದ್ರು" ಅಂದಳು ಆ ಹುಡುಗಿ. ಅಪ್ಪನ ಎದುರಿಗೇ ಅಂದಳು, ದನಿ ಏರಿಸದೆ. ತಾಯಿ ಕಾಫಿ ಮಾಡುವ ನೆವದಲ್ಲಿ ಒಳಗೆ ಹೋದರು.

ನಾನು ಬಂದ ವಿಷಯ ಹೇಳಿದೆ. "ಮೇಷ್ಟ್ರೇ, ಪುಸ್ತಕ ಇನ್ನೂ ನಿಮ್ ಕೈಲೇ ಅದೆ ಅಂದ್ರು. ನಮ್ ಉಡುಗೀರ್ನ ಇನ್ನೊಂದ್ಸಲ ಕೇಳಿ. ಈ ಸಲ ಅವ್ರನ್ನೇ ಕೇಳಿ. ಇವಳ್ದು ಮದ್ವೆ ನಿಂತದೆ ಇದ್ರ ಮೇಲೆ. ಬ್ಯಾಡದ ಮದ್ವೆ."

ಅವರು ಪಾಪ ಅನ್ನುವ ಮುಖ ಮಾಡಿದರು. "ಒಬ್ಬಳದ್ದು ತಿದ್ದಿದರೆ ಊರಿಂದೆಲ್ಲ ತಿದ್ದಬೇಕಾಗುತ್ತೆ ಕಣಮ್ಮ. ಮೊದಲು ಬರೆದದ್ದು ಸುಳ್ಳಾ ಅಂತ ಮೇಲಿನವರು ಕೇಳ್ತಾರೆ. ಇಷ್ಟು ವರ್ಷದ ಸರ್ವೀಸಲ್ಲಿ ನನಗೆ ಒಂದು ನೋಟೀಸು ಬಂದಿಲ್ಲ."

"ಅಂಗಾರೆ ನಿಮ್ಗೆ ನೋಟೀಸ್ ಬರ್ದಂಗೆ ಇವ್ಳು ಕೂಸು ಎತ್ಕೊಬೇಕಾ?"

"ಮದುವೆ ಆಗೋದರಲ್ಲಿ ತಪ್ಪೇನಿದೆ? ಎಲ್ಲರೂ ಆಗ್ತಾರೆ" ಅಂದರು. ಹೇಳುವಾಗ ತಮ್ಮ ಮಗಳ ಕಡೆ ನೋಡದಂತೆ ಕತ್ತನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ನನಗೆ ಅವತ್ತು ಗೊತ್ತಾಯಿತು, ಇವರಿಗೆ ತಿಳಿಯದ್ದು ಏನೂ ಇಲ್ಲ. ಪೆದ್ದ ಅಂದುಕೊಂಡು ಇಷ್ಟು ದಿನ ಸ್ವಲ್ಪ ಮರುಕ ಇಟ್ಟುಕೊಂಡಿದ್ದೆ, ಅದೂ ಹೋಯಿತು. ದುಡ್ಡಿಗೆ ಬೀಳುವವರಾಗಿದ್ದರೆ ಬಳೆ ಮಾರಿಯಾದರೂ ತಿದ್ದಿಸುತ್ತಿದ್ದೆವು. ಈ ಮನುಷ್ಯ ತನ್ನ ಒಳ್ಳೆಯ ಹೆಸರಿಗೆ ಬಿದ್ದಿದ್ದರು. ಅದನ್ನು ಬಿಡಿಸುವುದಕ್ಕೆ ಯಾವ ಬಳೆಯೂ ಸಾಲದು.

ಕಾಫಿ ಬಂತು. ನಾನು ಕುಡಿಯಲಿಲ್ಲ. ನಾಗಮಣಿ ಕುಡಿದಳು. "ದೂರ ಓಗ್ಬೇಕಲ್ಲ ಅತ್ತೆ" ಅಂದಳು.

ತರಬೇತಿ ಬೇರೆ ಹೋಬಳಿಗೆ ಹೋಯಿತು. ಅಲ್ಲಿ ಎಣಿಸಿದ ಮೇಷ್ಟ್ರು ಯಾರನ್ನು ಕೇಳಿದರೋ, ನಾಟಿ ಮುಗಿದ ಮೇಲೆ ಬಂದರೋ, ನನಗೆ ಗೊತ್ತಿಲ್ಲ. ನಮ್ಮೂರಲ್ಲಿ ಆದದ್ದು ಗೊತ್ತು. ಶಾಲೆಯ ಬಾವುಟದ ಹಬ್ಬದ ದಿನ ಮೇಷ್ಟ್ರು ಎದ್ದು ನಿಂತು, ಎಣಿಕೆಯ ಪ್ರಕಾರ ನಮ್ಮೂರಿನಲ್ಲಿ ಕೆಲಸವಿಲ್ಲದ ಹೆಣ್ಣುಮಗಳು ಒಬ್ಬಳೂ ಇಲ್ಲ, ಇದು ಹೆಮ್ಮೆಯ ವಿಷಯ ಅಂದರು. ಊರಿನ ಹಿರಿಯರು ಚಪ್ಪಾಳೆ ತಟ್ಟಿದರು. ಒಂದು ಶಾಲೂ ಹೊದಿಸಿದರು. ತಮ್ಮ ಮಕ್ಕಳ ಕೈಗೆ ಬರಬೇಕಾದದ್ದನ್ನು ಆಚೆ ಊರಿಗೆ ಅಟ್ಟಿದವರಿಗೆ ಶಾಲು ಹೊದಿಸುವ ಬುದ್ಧಿವಂತರು ನಮ್ಮೂರಲ್ಲಿ ಬೇಕಾದಷ್ಟು ಇದ್ದರು, ಅವರನ್ನು ಎಣಿಸುವವರು ಇರಲಿಲ್ಲ. ನನ್ನ ತಮ್ಮನೂ ತಟ್ಟಿದ. ಆಮೇಲೆ ಕೇಳಿದರೆ, "ಎಲ್ರೂ ತಟ್ತಿದ್ರು ಕಣಕ್ಕ" ಅಂದ.

ಸುಗ್ಗಿ ಕಳೆಯಿತು. ಆಣೆ ಇಟ್ಟವನು ಆಣೆಗೆ ತಪ್ಪಲಿಲ್ಲ. ಮನೆಯ ಮುಂದೆ ಚಪ್ಪರ ಹಾಕಿಸಿದ. ಮೇಷ್ಟ್ರನ್ನು ಕರೆಯಬೇಡ ಅಂದೆ. "ಊರಿಗೆ ಪಾಠ ಯೋಳ್ದೋರು, ಕರೀದೆ ಇದ್ರೆ ಚೆಂದಾಗಿರಲ್ಲ" ಅಂದ. ಅವರು ಶಾಲು ಹೊದ್ದುಕೊಂಡು ಬಂದು ಮೊದಲ ಪಂಕ್ತಿಯಲ್ಲೇ ಕೂತರು.

ಧಾರೆ ಮುಗಿದು ಊಟಕ್ಕೆ ಬಡಿಸಿದ ಮೇಲೆ ಗಂಡು ಹೆಣ್ಣನ್ನು ಪಂಕ್ತಿಯ ಮುಂದೆ ಹಾಯಿಸುತ್ತಾರಲ್ಲ, ಉಂಡು ಹರಸಲಿ ಅಂತ, ಹಾಗೆ ಕರೆತಂದರು. ನಾಗಮಣಿಯ ಕಂಕುಳಿಗೆ ಆಗಲೇ ಆ ಕೂಸನ್ನು ಕೊಟ್ಟಿದ್ದರು, ಅಳುತ್ತಿದೆ ಅಂತ. ತಾಳಿಯ ಅರಿಶಿನ ಇನ್ನೂ ಹಸಿ. ಎಲ್ಲರಿಗೂ ತಲೆ ಬಗ್ಗಿಸುತ್ತಾ ಬಂದವಳು ಮೇಷ್ಟ್ರ ಎಲೆಯ ಮುಂದೆ ನಿಂತಳು. ತಲೆ ಬಗ್ಗಿಸಲಿಲ್ಲ.

"ಮೇಷ್ಟ್ರೇ, ಈಗ್ ಬರ್ಕೊಳಿ. ನಂಗೆ ಕೆಲ್ಸ ಸಿಕ್ತು."

ಅಕ್ಕಪಕ್ಕದವರು ಹೆಣ್ಣು ತಮಾಷೆ ಮಾಡುತ್ತಿದ್ದಾಳೆ ಅಂತ ನಕ್ಕರು. ತಮ್ಮ ಕಂಬ ಹಿಡಿದುಕೊಂಡು ನಿಂತ. ಮೇಷ್ಟ್ರು ಅವಳನ್ನು ನೋಡಿದರು, ಕೂಸನ್ನು ನೋಡಿದರು, ಆಮೇಲೆ ಅವರೂ ನಕ್ಕರು. "ಒಳ್ಳೇದಾಗ್ಲಿ ಕಣಮ್ಮ" ಅಂದರು. ಹಿಂದೆಯೇ ಪಾಯಸದವನು ಬಂದ. ಎಲೆಯ ಅಂಚಿಗೆ ಕೈ ಅಡ್ಡ ಹಿಡಿದು, ಹರಿಯದಂತೆ ಹಾಕಿಸಿಕೊಂಡರು.

ಕೈ ತೊಳೆಯುವ ಕಡೆ ಹಂಡೆಯ ಹತ್ತಿರ ನಾನು ನಿಂತಿದ್ದೆ. ಬಂದವರಿಗೆಲ್ಲ ಚೊಂಬಿನಲ್ಲಿ ನೀರು ಹುಯ್ಯುತ್ತಿದ್ದೆ. ಮೇಷ್ಟ್ರೂ ಬಂದು ಬಗ್ಗಿ ಕೈ ಒಡ್ಡಿದರು.

"ಹುಡುಗಿ ಸೋಸಲೆ ಕಡೆಗೆ ತಾನೇ ಹೋಗೋದು?"

"ಊಂ."

"ಸದ್ಯ. ಅದು ನರಸೀಪುರ ತಾಲ್ಲೂಕು, ನನ್ನ ಶಾಲೆ ಇರೋದು ನಂಜನಗೂಡು ತಾಲ್ಲೂಕಲ್ಲಿ. ಮುಂದಿನ ಸಲ ಎಣಿಸೋವಾಗ ಅವಳು ನನ್ನ ಲೆಕ್ಕಕ್ಕೆ ಬರೋದಿಲ್ಲ ಬಿಡಮ್ಮ" ಅಂದರು. ನನಗೆ ಸಮಾಧಾನ ಹೇಳುತ್ತಿದ್ದರು.

ಹುಯ್ಯಲು ಬಗ್ಗಿಸುತ್ತಿದ್ದ ಚೊಂಬನ್ನು ನಾನು ನೆಟ್ಟಗೆ ಮಾಡಿದೆ. ಅನ್ನ ಮೆತ್ತಿದ ಕೈಯನ್ನು ಒಡ್ಡಿಕೊಂಡು ಮೇಷ್ಟ್ರು ಹಾಗೆಯೇ ಬಗ್ಗಿ ನಿಂತಿದ್ದರು, ನೀರು ಬರುತ್ತದೆ ಅಂತ.